ಮೊದಲು ನೀರು, ಆಮೇಲೆ ಕಲ್ಲಿದ್ದಲು

ಮದ್ದೂರು ಸ್ಟೇಷನ್ ಅಂದರೆ ಈಗಿನವರಿಗೆ ನೆನಪಾಗುವುದು ವಡೆ. ವಡೆ ಇನ್ನೂ ಹೆಸರು ಮಾಡದಿದ್ದ 1900–01ರ ಸುಮಾರಿನಲ್ಲಿ ಅಲ್ಲಿ ರೈಲಿನಿಂದ ಇಳಿಯುತ್ತಿದ್ದದ್ದು ಕಬ್ಬಿಣ. ಅಮೆರಿಕದ ಸ್ಕೆನೆಕ್ಟಡಿಯಿಂದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜನರೇಟರುಗಳು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ ಎಶರ್ ವಿಸ್ ಕಂಪನಿಯ ಟರ್ಬೈನುಗಳು, ಕೊಳವೆ, ತಾಮ್ರದ ತಂತಿ. ಹಡಗಿನಿಂದ ಬಂದರಿಗೆ, ಬಂದರಿನಿಂದ ರೈಲಿಗೆ ಹೇಗೋ ಬಂದವು. ಮುಂದಿನ ಸುಮಾರು ಐವತ್ತು ಕಿಲೋಮೀಟರಿಗೆ ರೈಲಿರಲಿಲ್ಲ. ಎತ್ತಿನ ಗಾಡಿಗಳ ಸಾಲು, ಗಾಡಿ ಹೂತುಹೋದ ಕಡೆ ತಳ್ಳಲು ಆನೆಗಳು. ಹೋಗಬೇಕಾಗಿದ್ದ ಜಾಗ ಶಿವನಸಮುದ್ರ. ಅಲ್ಲಿ ಮಲೇರಿಯಾದ ಕಾಟ ಎಷ್ಟಿತ್ತೆಂದರೆ ಜಲಪಾತಕ್ಕಿಂತ ಚಳಿಜ್ವರಕ್ಕೇ ಜನ ಹೆಚ್ಚು ಹೆದರುತ್ತಿದ್ದರು.

ಇಷ್ಟೆಲ್ಲ ಪಡಿಪಾಟಲು ಯಾರ ಸಲುವಾಗಿ? ಬೆಂಗಳೂರಿಗೆ ದೀಪ ಹಚ್ಚಲೆಂದು ನಮ್ಮ ಶಾಲೆಯ ಪಾಠಗಳು ಕಲಿಸಿದ ಹಾಗಿದೆ. ನಿಜಕ್ಕೂ ಅದು ಕೋಲಾರದ ಚಿನ್ನದ ಗಣಿಗಳ ಸಲುವಾಗಿ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಗಣಿಗಾರಿಕೆಗೆ ಕೈಹಾಕಿದ ಮೇಲೆ ಕೆಲವೇ ವರ್ಷಗಳಲ್ಲಿ ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ ಕೈಗೆ ಸಿಕ್ಕಿತು. ಚಿನ್ನ ಸಿಕ್ಕಿದ್ದು ಬೆಣಚುಕಲ್ಲಿನ ಹೊಟ್ಟೆಯಲ್ಲಿ. ಆ ಕಲ್ಲನ್ನು ಸಿಡಿಸಬೇಕು, ಮೇಲಕ್ಕೆ ಎಳೆಯಬೇಕು, ಹಿಟ್ಟಾಗುವ ತನಕ ಕುಟ್ಟಬೇಕು. ಆಳ ಹೋದಷ್ಟೂ ನೀರು ಎತ್ತಬೇಕು, ಗಾಳಿ ಊದಬೇಕು. ಇದೆಲ್ಲ ಆವಿಯಂತ್ರದ ಕೆಲಸ, ಆವಿಯಂತ್ರಕ್ಕೆ ಸೌದೆ ಇಲ್ಲವೇ ಕಲ್ಲಿದ್ದಲು ಬೇಕು. ಕೋಲಾರದ ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಕಾಡು ಅನ್ನಿಸಿಕೊಳ್ಳುವ ಕಾಡೂ ಬಹಳ ದಿನ ಉಳಿಯಲಿಲ್ಲ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಗಣಿಗೆ ರೈಲುಹಳಿ ಬಂದ ಮೇಲೆ ಹೊರಗಿನ ಕಲ್ಲಿದ್ದಲು ತರಿಸುವುದು ಸಲೀಸಾಯಿತೇ ಹೊರತು ಅಗ್ಗವಾಗಲಿಲ್ಲ. ಕೋಲಾರ, ಬೆಂಗಳೂರಿನ ಸುತ್ತ ಸರ್ವೆ ತೋಪುಗಳು ಎದ್ದದ್ದೂ ಇದೇ ಹಸಿವಿನಿಂದ. ರೈಲಿನ ಬಾಯ್ಲರಿಗೆ, ಗಣಿಯ ಬಾಯ್ಲರಿಗೆ, ಪೇಟೆಯ ಒಲೆಗೆ ಎಲ್ಲಕ್ಕೂ ಕಟ್ಟಿಗೆಯೇ ಬೇಕಿತ್ತು. ಚಿನ್ನದ ಕತೆ ಬರೆದವರು ಚಿನ್ನವನ್ನು ಔನ್ಸಿನಲ್ಲಿ ಲೆಕ್ಕವಿಟ್ಟರು. ಉರಿದ ಮರದ ಲೆಕ್ಕವನ್ನೂ ಯಾರಾದರೂ ಅಷ್ಟೇ ಶ್ರದ್ಧೆಯಿಂದ ಇಟ್ಟಿದ್ದರೆ ನಮ್ಮ ಇತಿಹಾಸದ ಪುಸ್ತಕ ಬೇರೆ ಥರ ಇರುತ್ತಿತ್ತು.

ಈ ಹಸಿವಿಗೆ ಕಾವೇರಿಯ ನೀರನ್ನು ಬಡಿಸಬಹುದು ಅಂದವನು ಎ. ಸಿ. ಜೋಲಿ ದ ಲಾಟ್ಬಿನಿಯರ್. ಕೆನಡಾದ ಕ್ವಿಬೆಕ್‌ನವನು, ಬ್ರಿಟಿಷ್ ಸೇನೆಯ ರಾಯಲ್ ಎಂಜಿನಿಯರ್ಸ್‌ನವನು, ಮೈಸೂರು ಸರ್ಕಾರದ ಡೆಪ್ಯುಟಿ ಚೀಫ್ ಎಂಜಿನಿಯರ್. ನಯಾಗರಾದ ನೀರಿನಿಂದ ತೆಗೆದ ವಿದ್ಯುತ್ತು 1896ರಲ್ಲಿ ಬಫಲೋ ಊರನ್ನು ಮುಟ್ಟಿತ್ತು, ಆದರೆ ಅದು ಸುಮಾರು ನಲವತ್ತು ಕಿಲೋಮೀಟರಿನ ಮಾತು. ಶಿವನಸಮುದ್ರದಿಂದ ಕೋಲಾರಕ್ಕೆ 147 ಕಿಲೋಮೀಟರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಈ ಮಾತನ್ನು ನಂಬಿದರು. ನಂಬಿದ್ದಷ್ಟೇ ಅಲ್ಲ, ಗಣಿ ಕಂಪನಿಗಳು ಇಂತಿಷ್ಟು ಅಶ್ವಶಕ್ತಿಯನ್ನು ಇಂತಿಷ್ಟು ವರ್ಷ ಕೊಳ್ಳಲೇಬೇಕೆಂದು ಕರಾರು ಮಾಡಿಕೊಂಡು ಆಮೇಲೆ ಸಂಸ್ಥಾನದ ದುಡ್ಡನ್ನು ಹೂಡಿದರು. ಗಿರಾಕಿಯನ್ನು ಗೊತ್ತುಮಾಡಿಕೊಂಡು ಅಂಗಡಿ ತೆರೆದ ಹಾಗೆ. ಫಲ ನೋಡಲು ಅವರಿರಲಿಲ್ಲ. 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. 1902ರ ಜೂನ್ 30ರಂದು, ರೀಜೆಂಟ್ ಮಹಾರಾಣಿಯವರ ಆಡಳಿತದ ಕೊನೆಯ ವಾರಗಳಲ್ಲಿ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಯನ್ನು ಮುಟ್ಟಿತು.

ಆ ಮೊದಲ ವಿದ್ಯುದಾಗಾರದಲ್ಲಿದ್ದದ್ದು 720 ಕಿಲೋವಾಟಿನ ಆರು ಜನರೇಟರು. ಎಲ್ಲ ಸೇರಿ 4,320 ಕಿಲೋವಾಟ್, ಈಗಿನ ಭಾಷೆಯಲ್ಲಿ ನಾಲ್ಕು ಚಿಲ್ಲರೆ ಮೆಗಾವಾಟ್. ಬೆಂಗಳೂರಿನ ಒಂದು ದೊಡ್ಡ ಮಾಲ್‌ಗೆ ಸಾಕಾದೀತು. ಅಲ್ಲಿಯ ಜನ ಆ ಜಾಗವನ್ನು ಈಗಲೂ ಬ್ಲಫ್ ಎಂದೇ ಕರೆಯುತ್ತಾರೆ. ಬಸ್ ಕಂಡಕ್ಟರಿಗೂ ಅದೇ ಹೆಸರು ಗೊತ್ತು.

ಇದು ಏಷ್ಯಾದಲ್ಲೇ ಮೊದಲು, ತಂತಿಯ ಉದ್ದ ಜಗತ್ತಿನಲ್ಲೇ ಹೆಚ್ಚು ಎಂಬ ಮಾತು ನಮ್ಮಲ್ಲಿ ಪದೇ ಪದೇ ಅಚ್ಚಾಗುತ್ತದೆ. ಅಭಿಮಾನಕ್ಕೆ ಅಡ್ಡಿಯಿಲ್ಲ, ಲೆಕ್ಕಕ್ಕೆ ಇದೆ. ಡಾರ್ಜಿಲಿಂಗಿನ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ಪುಟ್ಟ ಜಲವಿದ್ಯುತ್ ಕೇಂದ್ರವಿತ್ತು. ಕಲ್ಕತ್ತೆಯಲ್ಲಿ 1899ಕ್ಕೇ ಕಲ್ಲಿದ್ದಲು ಸುಟ್ಟು ವಿದ್ಯುತ್ತು ತೆಗೆಯುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ ಇದಕ್ಕಿಂತ ಉದ್ದದ ತಂತಿಸಾಲು ಬಂದಿತ್ತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಪೇಟೆಯ ಬೀದಿಯಲ್ಲಿ ವಿದ್ಯುದ್ದೀಪ ಹತ್ತಿತಲ್ಲ, ಅದೂ ದೇಶದ ಮೊದಲ ಬೀದಿದೀಪವೇ ಅನ್ನುವುದಕ್ಕೆ ತಕರಾರುಗಳಿವೆ. ಯಾರು ಮೊದಲು ಅನ್ನುವ ಈ ಜಗಳದಲ್ಲಿ ಮುಖ್ಯ ಸಂಗತಿಯೊಂದು ಮರೆಯಾಗುತ್ತದೆ. ಮ್ಯಾಂಚೆಸ್ಟರಿನಲ್ಲಿ, ಕಲ್ಕತ್ತೆಯಲ್ಲಿ ಕೈಗಾರಿಕೆ ಹುಟ್ಟಿದ್ದು ಹೊಗೆಯಲ್ಲಿ. ಅಲ್ಲಿನವರು ಹೊಗೆಯಿಂದ ಶುರುಮಾಡಿ, ನೂರು ವರ್ಷ ಕೆಮ್ಮಿ, ಆಮೇಲೆ ಬೇರೆ ದಾರಿ ಹುಡುಕಿದರು. ಮೈಸೂರಿನದು ಉಲ್ಟಾ. ಇಲ್ಲಿ ವಿದ್ಯುತ್ತು ಹುಟ್ಟಿದ್ದು ನೀರಿನಲ್ಲಿ. ಹೊಗೆ ಬಂದದ್ದು ಎಂಬತ್ತಮೂರು ವರ್ಷ ಆದ ಮೇಲೆ.

ಬೆಂಗಳೂರಿಗೆ 1905ರಲ್ಲಿ ದೀಪ ಬಂದದ್ದು ಗಣಿಗೆ ಕೊಟ್ಟು ಮಿಕ್ಕ ವಿದ್ಯುತ್ತಿನಿಂದ. ಮುಂದೆಯೂ ಬಹಳ ಕಾಲ ಗಣಿಯೇ ದೊಡ್ಡ ಗಿರಾಕಿ. ಇದರಿಂದ ಸಂಸ್ಥಾನಕ್ಕೆ ಆದ ಲಾಭವೆಷ್ಟು ಎಂಬುದರಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. 'ಮಾದರಿ ಮೈಸೂರು' ಅನ್ನುವವರು ಬೊಕ್ಕಸಕ್ಕೆ ಬಂದ ರಾಜಧನ ಮತ್ತು ವಿದ್ಯುತ್ ಹಣವನ್ನು ತೋರಿಸುತ್ತಾರೆ. ಗಣಿಯ ಮತ್ತು ಗಿರಣಿಯ ಕಾರ್ಮಿಕರ ಇತಿಹಾಸ ಬರೆದ ಜಾನಕಿ ನಾಯರ್ ಅವರಂಥವರು ತೋರಿಸುವುದು ಬೇರೊಂದು ಮುಖ: ಲಂಡನ್ನಿಗೆ ಹೋದ ಚಿನ್ನ, ಇಲ್ಲಿ ಉಳಿದ ಧೂಳು. ಇಬ್ಬರ ಮಾತೂ ನಿಜವೇ. ನನಗೆ ಕಾಣುವ ಮೂರನೆಯ ಸಂಗತಿ ಏನೆಂದರೆ, ಅಂದಿನ ಕರಾರು ಒಂದು ಅಭ್ಯಾಸವನ್ನು ಬಿಟ್ಟುಹೋಯಿತು. ಮೊದಲು ವಿದ್ಯುತ್ತು ತಯಾರಿಸು, ಅದನ್ನು ಉಣ್ಣಲು ಒಬ್ಬ ಹೊಟ್ಟೆಬಾಕನನ್ನು ಹುಡುಕು, ಅವನ ಹೊಟ್ಟೆ ಬೆಳೆದಂತೆ ಇನ್ನೊಂದು ಹೊಳೆಗೆ ಅಣೆ ಕಟ್ಟು.

ಕನ್ನಂಬಾಡಿ ಇದಕ್ಕೆ ಸಾಕ್ಷಿ. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಶಿವನಸಮುದ್ರದ ಟರ್ಬೈನು ಮುಗ್ಗರಿಸುತ್ತಿತ್ತು, ಗಣಿಗೆ ಮಾತು ಕೊಟ್ಟಷ್ಟು ವಿದ್ಯುತ್ತು ಹೋಗುತ್ತಿರಲಿಲ್ಲ. 1909ರಲ್ಲಿ ಚೀಫ್ ಎಂಜಿನಿಯರ್ ಆಗಿ ಬಂದ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರ ಕಟ್ಟುವ ಯೋಜನೆಯನ್ನು ಮಂಡಿಸುವಾಗ ಮುಂದಿಟ್ಟ ಕಾರಣಗಳಲ್ಲಿ ಮಂಡ್ಯದ ಗದ್ದೆಯಷ್ಟೇ ಗಟ್ಟಿಯಾಗಿದ್ದದ್ದು ಗಣಿಯ ಕರೆಂಟು. 1911ರಲ್ಲಿ ಕೆಲಸ ಶುರುವಾಯಿತು. ಮದ್ರಾಸ್ ತಕರಾರು ತೆಗೆಯಿತು, 1914ರಲ್ಲಿ ಪಂಚಾಯ್ತಿ ನಡೆಯಿತು, 1924ರಲ್ಲಿ ಒಪ್ಪಂದವಾಯಿತು. ಆ ಒಪ್ಪಂದದ ಜಗಳ ನಮ್ಮ ಕಾಲದವರೆಗೂ ಬಂದಿದೆ. ಎರಡು ರಾಜ್ಯಗಳ ರೈತರು ಬೀದಿಗಿಳಿಯುವ ಆ ಜಗಳದ ಬೇರಿನಲ್ಲಿ ಗದ್ದೆಯ ಜೊತೆಗೆ ಚಿನ್ನದ ಗಣಿಯೂ ಇದೆ ಎಂದು ನೆನೆಯುವವರು ಕಡಿಮೆ.

ಅಣೆಕಟ್ಟಿನಿಂದ ನೀರು ಸಮನಾಗಿ ಬರತೊಡಗಿ, ಶಿವನಸಮುದ್ರದ ಶಕ್ತಿ ಕಂತುಕಂತಾಗಿ ಬೆಳೆದು 42 ಮೆಗಾವಾಟಿಗೆ ಮುಟ್ಟಿತು. 1940ರ ಹೊತ್ತಿಗೆ ಪಕ್ಕದಲ್ಲೇ ಶಿಂಷಾ ಕೇಂದ್ರವೂ ಬಂತು. ಗಣಿಯೊಂದಕ್ಕೇ ಇಷ್ಟು ಬೇಕಿರಲಿಲ್ಲ. ಬೇರೆ ಬಾಯಿಗಳನ್ನು ಹುಡುಕಬೇಕಾಯಿತು. ಬೆಂಗಳೂರಿನಲ್ಲಿ ವಿದ್ಯುತ್ತನ್ನು ಬಳಸುವ ಕಾರ್ಖಾನೆಗಳಷ್ಟೇ ಅಲ್ಲ, ವಿದ್ಯುತ್ತಿಗೆ ಬೇಕಾದದ್ದನ್ನೇ ತಯಾರಿಸುವ ಕಾರ್ಖಾನೆಗಳೂ ಎದ್ದವು: ತಂತಿಗೆ ಪಿಂಗಾಣಿ ಇನ್ಸುಲೇಟರು ಮಾಡುವ ಸರ್ಕಾರಿ ಪೋರ್ಸಲೇನ್ ಫ್ಯಾಕ್ಟರಿ, ಟ್ರಾನ್ಸ್‌ಫಾರ್ಮರ್ ಮಾಡುವ ಎಲೆಕ್ಟ್ರಿಕ್ ಫ್ಯಾಕ್ಟರಿ, 1936ರಲ್ಲಿ ಬಲ್ಬು ಮಾಡುವ ಮೈಸೂರು ಲ್ಯಾಂಪ್ಸ್. ಹಸಿವೇ ಹಸಿವನ್ನು ಹೆತ್ತಿತು ಅನ್ನಬಹುದು. 1940ರ ಕೊನೆಯಲ್ಲಿ ವಾಲ್‌ಚಂದ್ ಹೀರಾಚಂದರು ವಿಮಾನದ ಕಾರ್ಖಾನೆ ಕಟ್ಟಲು ಬೆಂಗಳೂರಿಗೆ ಬಂದದ್ದಕ್ಕೆ ಸಂಸ್ಥಾನ ಕೊಟ್ಟ ಜಾಗ, ದುಡ್ಡು, ಹವೆ ಎಲ್ಲ ಕಾರಣಗಳೇ. ಅಗ್ಗದ ವಿದ್ಯುತ್ತೂ ಆ ಪಟ್ಟಿಯಲ್ಲಿತ್ತು.

ಇದೇ ಕಾಲದಲ್ಲಿ ಭದ್ರಾವತಿಯದು ಬೇರೆಯೇ ಕತೆ. 1923ರಲ್ಲಿ ಅಲ್ಲಿ ಕಬ್ಬಿಣ ಕರಗತೊಡಗಿತು. ಕರಗಿಸಿದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಕಾಡಿನ ಇದ್ದಿಲು. ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಬೇಯಿಸಿ ಇದ್ದಿಲು ತೆಗೆದು, ಹೊರಬಂದ ಹೊಗೆಯನ್ನೂ ಬಿಡದೆ ತಣಿಸಿ ಸ್ಪಿರಿಟ್, ಟಾರು ತೆಗೆಯುತ್ತಿದ್ದರು. ಕಡಿದ ಕಾಡು ಮತ್ತೆ ಬೆಳೆದರೆ ಇದ್ದಿಲಿನ ಹೊಗೆ ಲೆಕ್ಕಕ್ಕಿಲ್ಲ ಎಂದು ಈಗಿನ ಇಂಗಾಲದ ಲೆಕ್ಕಿಗರು ಹೇಳುತ್ತಾರೆ. ಬೆಳೆದರೆ, ಅಷ್ಟೆ.

1948ರಲ್ಲಿ ಜೋಗ. ಯುದ್ಧದಿಂದ ತಡವಾಗಿ, ಬೊಂಬಾಯಿ ಸರ್ಕಾರದೊಂದಿಗೆ ಚೌಕಾಶಿ ಮುಗಿಸಿ ಶರಾವತಿಯ ನೀರು ಕೊಳವೆಗೆ ಬಿತ್ತು. ಮುಂದೆ 120 ಮೆಗಾವಾಟಿಗೆ ಬೆಳೆದ ಆ ಕೇಂದ್ರಕ್ಕೆ ಮರುವರ್ಷ ಗಾಂಧೀಜಿಯ ಹೆಸರಿಟ್ಟರು. ಯಂತ್ರಗಳ ಹುಚ್ಚನ್ನು ಅಷ್ಟೊಂದು ಟೀಕಿಸಿದವರ ಹೆಸರು ಟರ್ಬೈನಿನ ಮನೆಗೆ! ಅದರ ಬೆನ್ನಲ್ಲೇ ಬೆಂಗಳೂರಿಗೆ ಐಟಿಐ, ಎಚ್‌ಎಂಟಿ, ಬಿಇಎಲ್ ಬಂದವು. ಇವುಗಳಲ್ಲಿ ಚಿಮಣಿ ಕಾಣಿಸುತ್ತಿರಲಿಲ್ಲ. ಮರಗಳ ನೆರಳು, ಸೈಕಲ್ ಸ್ಟ್ಯಾಂಡು, ಮಧ್ಯಾಹ್ನದ ಸೈರನ್ನು. ಬೆಂಗಳೂರು ತೋಟಗಳ ಊರೂ ಹೌದು, ಕಾರ್ಖಾನೆಗಳ ಊರೂ ಹೌದು ಅನ್ನಿಸಿಕೊಂಡದ್ದು ಹೊಳೆಗಳ ಕೃಪೆಯಿಂದ. ಹಳೆಯ ಬೆಂಗಳೂರಿನ ಬಗ್ಗೆ ಹಲುಬುವವರು ಹವೆಯನ್ನು ಹೊಗಳುತ್ತಾರೆ, ನಾನೂ ಹೊಗಳಿದ್ದೇನೆ. ಆ ಹವೆಯ ಬೆಲೆಯನ್ನು ತೆತ್ತವರು ಮಾತ್ರ ಬೇರೆ ಕಡೆ ಇದ್ದರು.

ಇದ್ದದ್ದು ಶರಾವತಿಯ ಕಣಿವೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ತುಂಬಿತು. ನೂರಕ್ಕೂ ಹೆಚ್ಚು ಹಳ್ಳಿಗಳ ಅಡಿಕೆ ತೋಟ, ಗದ್ದೆ, ದೇವಸ್ಥಾನ ನೀರಿನಡಿಗೆ ಹೋದವು. ಜನರನ್ನು ಲಾರಿಯಲ್ಲಿ ತುಂಬಿ ಕಾಡಿನಂಚಿಗೆ ತಂದು ಇಳಿಸಿದರು. ಅವರ ಮಕ್ಕಳು ಮೊಮ್ಮಕ್ಕಳು ಜಮೀನಿನ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿ ಅಲೆಯುತ್ತಿದ್ದಾರೆ. ಹಿನ್ನೀರಿನ ಎಷ್ಟೋ ಕುಗ್ರಾಮಗಳಲ್ಲಿ ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯೇ ದೀಪ. ತಲೆಯ ಮೇಲೆ ಹಾದುಹೋಗುವ ಹೈಟೆನ್ಷನ್ ತಂತಿ ಬೆಂಗಳೂರಿನ ಕಡೆಗೆ.

1977ರ ತನಕ ಒಂದೊಂದಾಗಿ ಹತ್ತು ಯಂತ್ರ ಸೇರಿ ಶರಾವತಿ ಕೇಂದ್ರ 891 ಮೆಗಾವಾಟ್ ಆಯಿತು. ಯೂನಿಟ್ಟಿನ ಬೆಲೆ ಪೈಸೆಯ ಲೆಕ್ಕದಲ್ಲಿತ್ತು. ಮೊದಮೊದಲು ವಿದ್ಯುತ್ತು ಮಿಕ್ಕು ನೆರೆಯ ರಾಜ್ಯಗಳಿಗೂ ಮಾರಿದರು. ಮತ್ತೆ ಹಳೆಯ ಅಭ್ಯಾಸ: ಹೊಟ್ಟೆಬಾಕರಿಗೆ ಆಹ್ವಾನ. ಬೆಳಗಾವಿಗೆ ಅಲ್ಯೂಮಿನಿಯಂ ಕಾರ್ಖಾನೆ ಬಂತು. ಒಂದು ಟನ್ ಅಲ್ಯೂಮಿನಿಯಂ ತೆಗೆಯಲು ಹೆಚ್ಚುಕಡಿಮೆ 15,000 ಯೂನಿಟ್ ಬೇಕು, ಅಂದರೆ ತಿಂಗಳಿಗೆ ನೂರು ಯೂನಿಟ್ ಸುಡುವ ಮನೆಗೆ ಹನ್ನೆರಡೂವರೆ ವರ್ಷದ ಬಳಕೆ. ಭದ್ರಾವತಿಯಲ್ಲೂ ವಿದ್ಯುತ್ ಕುಲುಮೆ ಬಂದಿತ್ತು. ಅಗ್ಗ ಎಂದು ಕರೆದದ್ದಾಯಿತು, ಬಂದವರು ಎಲೆ ಹಾಕಿಕೊಂಡು ಕೂತದ್ದೂ ಆಯಿತು. ಆಗ ಮಳೆ ಕೈಕೊಟ್ಟಿತು.

ಮಳೆಯ ವಿಷಯಕ್ಕೆ ಬರುವ ಮುಂಚೆ ಬಚ್ಚಲಮನೆಯನ್ನು ಒಮ್ಮೆ ನೋಡಬೇಕು. ಕಾರ್ಖಾನೆ ಹೊಳೆಯ ಕರೆಂಟಿನಲ್ಲಿ ನಡೆಯುತ್ತಿದ್ದ ಕಾಲದಲ್ಲೂ ಬೆಂಗಳೂರಿನ ಮನೆಗಳು ನಡೆಯುತ್ತಿದ್ದದ್ದು ಕಾಡಿನ ಸೌದೆಯಲ್ಲಿ. ಪ್ರತಿ ಬಡಾವಣೆಗೂ ಒಂದು ಸೌದೆ ಡಿಪೋ: ತೂಗುವ ದೊಡ್ಡ ತಕ್ಕಡಿ, ಕೊಡಲಿಯ ಸದ್ದು, ತೊಗಟೆಯ ವಾಸನೆ. ಬಚ್ಚಲಲ್ಲಿ ಗೋಡೆಗೆ ಹೂತ ತಾಮ್ರದ ಹಂಡೆ, ಕೆಳಗೆ ಒಲೆ, ಒಲೆಯ ಬಾಯಲ್ಲಿ ಹಸಿ ಸೌದೆಯನ್ನು ಊದುಗೊಳವೆಯಿಂದ ಊದುವ ಅಜ್ಜಿ. 80ರ ದಶಕದ ಆರಂಭದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಅಮೂಲ್ಯ ಕೆ. ಎನ್. ರೆಡ್ಡಿ ಮತ್ತು ಸಂಗಡಿಗರು ಇದರ ಲೆಕ್ಕ ಹಾಕಿದಾಗ ನಗರ ವರ್ಷಕ್ಕೆ ಲಕ್ಷಾಂತರ ಟನ್ ಸೌದೆ ಸುಡುತ್ತಿತ್ತು. ಹಳ್ಳಿಯವರು ಕಾಡು ಕಡಿದು ಹಾಳುಮಾಡುತ್ತಾರೆ ಎಂಬ ದೂರಿಗೆ ಇದು ಚೆನ್ನಾದ ಉತ್ತರ. ಹಳ್ಳಿಯ ಹೆಂಗಸರು ಆಯ್ದದ್ದು ಪುಳ್ಳೆ. ಮರವನ್ನೇ ಉರುಳಿಸಿ ಲಾರಿಗೆ ಹೇರಿಸಿಕೊಂಡದ್ದು ಪೇಟೆ. ಆಮೇಲೆ ಗ್ಯಾಸು ಬಂತು, ಹಂಡೆಯ ಜಾಗಕ್ಕೆ ಗೀಸರು ಬಂತು. ಮನೆಯ ಹೊಗೆ ಹೋಯಿತು. ಮುಂಜಾನೆ ಆರರಿಂದ ಒಂಬತ್ತರವರೆಗೆ ಇಡೀ ಊರು ಒಟ್ಟಿಗೇ ಬಿಸಿನೀರು ಕಾಯಿಸುವ ಹೊಸ ಭಾರ ಗ್ರಿಡ್‌ನ ಮೇಲೆ ಬಿತ್ತು.

ಬೆಂಗಳೂರಿನ ಜನಸಂಖ್ಯೆ 1971ರಲ್ಲಿ ಹದಿನಾರೂವರೆ ಲಕ್ಷ, 1981ರಲ್ಲಿ 29 ಲಕ್ಷ. ಆ ಹತ್ತು ವರ್ಷದಲ್ಲಿ ಅಷ್ಟು ವೇಗವಾಗಿ ಬೆಳೆದ ಇನ್ನೊಂದು ಮಹಾನಗರ ದೇಶದಲ್ಲಿರಲಿಲ್ಲ. ಅತ್ತ ಬಯಲುಸೀಮೆಯಲ್ಲಿ ಬಾವಿಗಳಿಗೆ ಪಂಪ್‌ಸೆಟ್‌ಗಳು ಸಾಲುಸಾಲಾಗಿ ಇಳಿದವು, ಅವುಗಳಿಗೆ ಮೀಟರಿರಲಿಲ್ಲ. ಮಳೆ ಕಡಿಮೆಯಾದ ವರ್ಷ ಲಿಂಗನಮಕ್ಕಿಯ ಮಟ್ಟ ಎಷ್ಟು ಅಡಿ ಎಂಬುದು ಪತ್ರಿಕೆಯ ಮುಖಪುಟಕ್ಕೆ ಬಂತು. ಕಾರ್ಖಾನೆಗಳಿಗೆ ಶೇಕಡಾವಾರು ಕಡಿತ, ಮನೆಗಳಿಗೆ ಸರದಿಯ ಕಡಿತ. 'ಲೋಡ್ ಶೆಡ್ಡಿಂಗ್' ಎಂಬುದು ಅಜ್ಜಿಯಂದಿರ ಬಾಯಲ್ಲೂ ಕನ್ನಡ ಶಬ್ದವಾಯಿತು. ಬರೀ ನೀರನ್ನು ನಂಬಿ ಕೂತದ್ದು ತಪ್ಪು ಎಂದು ವಿಧಾನಸೌಧದಲ್ಲಿ ಎಲ್ಲರೂ ಒಪ್ಪಿದ ಅಪರೂಪದ ಸಂದರ್ಭ ಅದು.

1985ರ ಮಾರ್ಚ್‌ನಲ್ಲಿ ರಾಯಚೂರಿನ ಹತ್ತಿರ, ಕೃಷ್ಣಾ ತೀರದ ಶಕ್ತಿನಗರದಲ್ಲಿ 210 ಮೆಗಾವಾಟಿನ ಮೊದಲ ಶಾಖೋತ್ಪನ್ನ ಘಟಕ ಓಡಿತು. ಜಾಗ ಆರಿಸಿದ್ದಕ್ಕೆ ಕಾರಣ ಸರಳ. ಹೊಳೆ ಇದೆ, ರೈಲಿದೆ, ಸಿಂಗರೇಣಿಯ ಕಲ್ಲಿದ್ದಲು ಹತ್ತಿರ. ಮುಂದಿನ ಇಪ್ಪತ್ತೈದು ವರ್ಷದಲ್ಲಿ ಅಲ್ಲಿ ಎಂಟು ಘಟಕಗಳಾಗಿ ಒಟ್ಟು 1,720 ಮೆಗಾವಾಟ್ ಆಯಿತು.

ಒಂದು ಘಟಕದ ಊಟದ ಲೆಕ್ಕ ನೋಡಿ. ನಮ್ಮ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಬೇಕು. ಪೂರ್ತಿ ಶಕ್ತಿಯಲ್ಲಿ ಓಡಿದರೆ 210 ಮೆಗಾವಾಟಿಗೆ ದಿನಕ್ಕೆ 3,500 ಟನ್, ಹೆಚ್ಚುಕಡಿಮೆ ಒಂದು ರೇಕು. ಐವತ್ತೆಂಟು ವ್ಯಾಗನ್ನಿನ ಒಂದು ಗೂಡ್ಸ್ ರೈಲು, ಒಂದು ಘಟಕಕ್ಕೆ, ಒಂದು ದಿನಕ್ಕೆ. ಸುಟ್ಟ ಮೇಲೆ ಅದರಲ್ಲಿ ಮೂರನೇ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ಬೂದಿಹೊಂಡ, ಗಾಳಿ ಬೀಸಿದಾಗ ಏಳುವ ಹಾರುಬೂದಿ, ಒಣಹಾಕಿದ ಬಟ್ಟೆಯ ಮೇಲೆ, ಹತ್ತಿಯ ಹೊಲದ ಮೇಲೆ. ಕಣ್ಣಿಗೆ ಕಾಣದ್ದು ಇನ್ನೊಂದು: ಒಂದು ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕಿಲೋ ಇಂಗಾಲದ ಡೈಆಕ್ಸೈಡ್. ಎಂಟೂ ಘಟಕ ಪೂರ್ತಿ ಓಡಿದ ದಿನ ನಲವತ್ತು ಸಾವಿರ ಟನ್. ಬ್ಲಫ್‌ನ ಟರ್ಬೈನು ತನ್ನ ನೂರಿಪ್ಪತ್ತು ವರ್ಷದ ಆಯುಷ್ಯದಲ್ಲಿ ಓಡುತ್ತ ಇಂಥ ಹೊಗೆ ಒಂದು ಬೊಗಸೆಯಷ್ಟೂ ಬಿಟ್ಟಿಲ್ಲ.

ಬೇರೆ ದಾರಿ ಇರಲಿಲ್ಲವೇ? ಇತ್ತು ಎಂದು ಲೆಕ್ಕ ಸಮೇತ ತೋರಿಸಿದವರು ಅದೇ ರೆಡ್ಡಿಯವರು. 80ರ ದಶಕದ ಕೊನೆಯಲ್ಲಿ ರಾಜ್ಯದ ದೀರ್ಘಾವಧಿ ವಿದ್ಯುತ್ ಯೋಜನೆಯೊಂದು, 2000ನೇ ಇಸವಿಗೆ ಸುಮಾರು 9,400 ಮೆಗಾವಾಟ್ ಬೇಕು ಎಂದು ಅಂದಾಜು ಮಾಡಿತ್ತು. ರೆಡ್ಡಿ ಕೇಳಿದ ಪ್ರಶ್ನೆ ಬೇರೆ. ಜನಕ್ಕೆ ಬೇಕಾಗಿರುವುದು ಮೆಗಾವಾಟಲ್ಲ. ಬಿಸಿನೀರು ಬೇಕು, ಬೆಳಕು ಬೇಕು, ಹೊಲಕ್ಕೆ ನೀರು ಬೇಕು. ಬಿಸಿನೀರನ್ನು ಬಿಸಿಲೇ ಕಾಯಿಸಲಿ, ಪಂಪ್‌ಸೆಟ್ಟಿನ ಕಳಪೆ ಫುಟ್‌ವಾಲ್ವು, ಪೈಪು ಬದಲಾಗಲಿ, ಬುರುಡೆ ಬಲ್ಬಿನ ಜಾಗಕ್ಕೆ ಕಡಿಮೆ ತಿನ್ನುವ ದೀಪ ಬರಲಿ, ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತು ತೆಗೆಯಲಿ. ಹೀಗೆ ಕೂಡಿ ಕಳೆದು ಅವರು ಕೊಟ್ಟ ಅಂಕಿ ಸುಮಾರು 4,000 ಮೆಗಾವಾಟ್. ಖರ್ಚು ಮೂರನೇ ಒಂದು ಪಾಲು. ಇಂಗಾಲದ ಹೊಗೆಯೋ, ಸರ್ಕಾರಿ ಯೋಜನೆಯದರ ಇನ್ನೂರನೇ ಒಂದು ಪಾಲು.

ಇದನ್ನು ಒಪ್ಪದವರೂ ಇದ್ದರು. ಕಡಿತದ ಕಾಲದಲ್ಲಿ ಅಳೆದ ಬೇಡಿಕೆ ನಿಜವಾದ ಬೇಡಿಕೆಯಲ್ಲ, ಮೀಟರೇ ಇಲ್ಲದ ಪಂಪ್‌ಸೆಟ್ಟಿನ ಉಳಿತಾಯವನ್ನು ಅಳೆಯುವುದು ಹೇಗೆ, ಬಡ ರಾಜ್ಯಕ್ಕೆ ಮಿತವ್ಯಯದ ಪಾಠವೇ ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ರೆಡ್ಡಿಯವರ ಪ್ರಬಂಧ ಓದುವಾಗ ಒಂದು ಮಾತು ತಲೆಗೆ ಬರುತ್ತದೆ. ಕೋಲಾರದ ಗಣಿಯ ಕರಾರಿನಿಂದ ಅಲ್ಲಿಯವರೆಗೆ ವಿದ್ಯುತ್ತಿನ ಲೆಕ್ಕವನ್ನು ಗಿರಾಕಿಯ ಹೊಟ್ಟೆಯಿಂದ ಶುರುಮಾಡಿದವರೇ ಎಲ್ಲ. ಬಚ್ಚಲಮನೆಯಿಂದ ಶುರುಮಾಡಿದವರು ಇವರೊಬ್ಬರು.

1991ರ ನಂತರದ್ದನ್ನು ವಿವರಿಸಿ ಹೇಳಬೇಕಾಗಿಲ್ಲ, ಓದುವವರೇ ನೋಡಿದ್ದಾರೆ. ಐಟಿ ಬಂತು. ಯಲಹಂಕದಲ್ಲಿ ನಗರಕ್ಕೆಂದೇ ಡೀಸೆಲ್ ವಿದ್ಯುದಾಗಾರ ಕಟ್ಟಿದರು. ಪೇಟೆಯ ಬೀದಿಗಳಲ್ಲಿ ಕರೆಂಟು ಹೋದ ಕೂಡಲೇ ಅಂಗಡಿಗೊಂದು ಜನರೇಟರು ಗುಡುಗುಡು ಶುರುಮಾಡುತ್ತಿತ್ತು, ಫುಟ್‌ಪಾತಿನ ಮೇಲೆ ಡೀಸೆಲ್ ಹೊಗೆಯಲ್ಲಿ ಮೂಗು ಮುಚ್ಚಿಕೊಂಡು ಬಟ್ಟೆ ಚೌಕಾಶಿ. ಕಲ್ಲಿದ್ದಲಿನ ದೊಡ್ಡ ಚಿಮಣಿಗಳು ಮಾತ್ರ ಊರಿನಿಂದ ದೂರವೇ ಎದ್ದವು: ಬಳ್ಳಾರಿಯ ಕುಡಿತಿನಿ, ಉಡುಪಿಯ ನಂದಿಕೂರು, ರಾಯಚೂರಿನ ಯರಮರಸ್, ವಿಜಯಪುರದ ಕೂಡಗಿ. ನಕ್ಷೆಯಲ್ಲಿ ಚುಕ್ಕಿ ಇಡುತ್ತ ಹೋದರೆ ಬೆಂಗಳೂರಿನ ಸುತ್ತ ಒಂದೂ ಬೀಳುವುದಿಲ್ಲ. ಹಾಗಾಗಿ ಊರಿನ ಗಾಳಿಗೆ ಬೈಗುಳವೆಲ್ಲ ವಾಹನಗಳ ಪಾಲು. ಅವು ಒಂದು ಕೋಟಿ ದಾಟಿರುವಾಗ ಬೈಯಲೇಬೇಕು. ಆದರೆ 2023ರಲ್ಲಿ ಪಾಲಿಕೆ ಹೊರತಂದ ಹವಾಮಾನ ಯೋಜನೆ ಲೆಕ್ಕ ಹಾಕಿದಾಗ ಅತಿ ದೊಡ್ಡ ಪಾಲು ಕಂಡದ್ದು ಕಟ್ಟಡಗಳ ವಿದ್ಯುತ್ತು ಮತ್ತು ಇಂಧನದಲ್ಲಿ, ರಸ್ತೆಯಲ್ಲಲ್ಲ. ರಾಯಚೂರಿನ ಹೊಗೆಯನ್ನು ರಾಯಚೂರಿನ ಖಾತೆಗೆ ಬರೆಯಬೇಕೋ ಸ್ವಿಚ್ ಒತ್ತಿದವರ ಖಾತೆಗೋ ಎಂಬುದು ವಿದ್ವಾಂಸರು ಇನ್ನೂ ಜಗ್ಗಾಡುತ್ತಿರುವ ಪ್ರಶ್ನೆ. ಹೊಗೆಯ ಕೆಳಗೆ ಮನೆ ಇರುವವರಿಗೆ ಅದರಲ್ಲಿ ಗೊಂದಲವಿಲ್ಲ.

ಕೈಗಾರಿಕೆಯ ಖಾತೆಯಲ್ಲಿ ಇನ್ನೂ ದೊಡ್ಡ ಬರಹವೊಂದಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ವರ್ಷಕ್ಕೆ 1.2 ಕೋಟಿ ಟನ್ನಿನ ಮಟ್ಟಕ್ಕೆ ಬೆಳೆಯಿತು. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಎರಡು ಟನ್ನಿಗೂ ಮೀರಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಎರಡನ್ನೂ ಗುಣಿಸಿದರೆ ಶಕ್ತಿನಗರ ವರ್ಷವಿಡೀ ಪೂರ್ತಿ ಓಡಿದರೂ ಅದಕ್ಕೆ ಸಮವಾಗದು. ಆ ಉಕ್ಕಿನಲ್ಲಿ ಒಂದಿಷ್ಟು ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ಕಂಬಗಳಲ್ಲೇ ಇದ್ದೀತು. ಇತ್ತ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದು, ಕೆಳಗೆ ಗಾಳಿ ತಣಿಸುವ ಖರ್ಚೂ ಹುಟ್ಟದಂತಾಗಿ, 2001ರ ಫೆಬ್ರವರಿ 28ರಂದು ಮುಚ್ಚಿತು. ಮೊದಲ ಹೊಟ್ಟೆಬಾಕ ಎದ್ದುಹೋದ. ಪಂಕ್ತಿ ಮಾತ್ರ ಮುಗಿದಿರಲಿಲ್ಲ.

ಈಗ ರಾಜ್ಯದ ಬೇಡಿಕೆ ಬೇಸಿಗೆಯಲ್ಲಿ 18,000 ಮೆಗಾವಾಟ್ ದಾಟುತ್ತದೆ. ನಡುವೆ ಒಳ್ಳೆಯದೂ ನಡೆದಿದೆ. ಹೊಸ ಮನೆಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿ, ಬಿಲ್ಲಿನಲ್ಲಿ ರಿಯಾಯಿತಿ ಕೊಟ್ಟು, ಬೆಂಗಳೂರಿನ ತಾರಸಿಗಳ ಮೇಲೆ ದೇಶದ ಬೇರಾವ ಊರಲ್ಲೂ ಇಲ್ಲದಷ್ಟು ಹೀಟರು ಬಂದವು. ರೆಡ್ಡಿಯವರ ಮಾತು ತಡವಾಗಿಯಾದರೂ ತಾರಸಿ ಹತ್ತಿತು. ಇಪ್ಪತ್ತು ಅಂತಸ್ತಿನ ಕಟ್ಟಡದಲ್ಲಿ ತಾರಸಿ ಒಂದೇ, ಬಚ್ಚಲು ಇನ್ನೂರು. ಅಲ್ಲಿ ಮತ್ತೆ ಗೀಸರು. ಪಾವಗಡದಲ್ಲಿ ಬೆಳೆ ಕಾಣದ 13,000 ಎಕರೆಯನ್ನು ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಿಡಿದು 2,050 ಮೆಗಾವಾಟಿನ ಸೌರ ಪಾರ್ಕ್ ಮಾಡಿದರು. ಮಧ್ಯಾಹ್ನ ಅದು ಕೊಡುತ್ತದೆ. ಸಂಜೆ ಏಳಕ್ಕೆ ಕೊಡುವುದಿಲ್ಲ. 2023ರಲ್ಲಿ ಮುಂಗಾರು ಸೋತು ಅಕ್ಟೋಬರಿನಲ್ಲಿ ಮತ್ತೆ ಲೋಡ್ ಶೆಡ್ಡಿಂಗ್ ಬಂದಾಗ ಎಲ್ಲರ ಕಣ್ಣು ಹೋದದ್ದು ರಾಯಚೂರಿನ ಕಲ್ಲಿದ್ದಲಿನ ರಾಶಿಯ ಮೇಲೆ.

ಕೊನೆಯದಾಗಿ ಮತ್ತೆ ಬ್ಲಫ್‌ಗೆ ಹೋಗೋಣ. 1974ರಿಂದ ಬೆಂಗಳೂರು ಕುಡಿಯುತ್ತಿರುವ ಕಾವೇರಿ ನೀರು ಬರುವುದು ಅಲ್ಲಿಂದಲೇ. ಶಿವ ಅಣೆಕಟ್ಟಿನ ಬಳಿ ತಿರುಗಿಸಿದ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಬಂದು, ಶುದ್ಧವಾಗಿ, ಅಲ್ಲಿಂದ ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪು ಒತ್ತಿಸಿಕೊಂಡು ನೂರು ಕಿಲೋಮೀಟರ್ ಬರುತ್ತದೆ. ಏರಬೇಕಾದ ಎತ್ತರ ಹತ್ತಿರ ಹತ್ತಿರ 500 ಮೀಟರ್. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಎತ್ತಲು, ಪಂಪಿನಲ್ಲಿ ಒಂದು ಚೂರೂ ಸೋರಿಕೆ ಇಲ್ಲ ಅಂದುಕೊಂಡರೂ, ಒಂದೂಕಾಲು ಯೂನಿಟ್ಟಿಗೂ ಹೆಚ್ಚು ವಿದ್ಯುತ್ತು ಬೇಕು. ಶಾಲೆಯ ಭೌತಶಾಸ್ತ್ರದ ಲೆಕ್ಕ ಅದು. ನಾಲ್ಕು ಹಂತಗಳ 145 ಕೋಟಿ ಲೀಟರಿಗೆ ದಿನಕ್ಕೆ ಇಪ್ಪತ್ತು ಲಕ್ಷ ಯೂನಿಟ್. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಸೇರಿದ ಮೇಲೆ ಮೂವತ್ತು ಲಕ್ಷ. ಹಗಲೂ ರಾತ್ರಿ ನಿಲ್ಲದೆ ಸುಮಾರು 126 ಮೆಗಾವಾಟ್.

ಶಿವನಸಮುದ್ರದ ಹಳೆಯ ಕಟ್ಟಡದಲ್ಲಿ ಎಲ್ಲ ಯಂತ್ರ ಓಡಿದರೂ 42. ಒಂದೇ ಅಣೆಕಟ್ಟಿನ ನೀರಿನಲ್ಲಿ ಒಂದು ಪಾಲು ಕೆಳಕ್ಕೆ ಬಿದ್ದು ವಿದ್ಯುತ್ತಾಗುತ್ತದೆ, ಇನ್ನೊಂದು ಪಾಲು ಅದರ ಮೂರರಷ್ಟನ್ನು ತಿಂದು ಮೇಲಕ್ಕೆ ಹತ್ತುತ್ತದೆ. ಕೊರತೆ ಬಿದ್ದದ್ದನ್ನು ಗ್ರಿಡ್ ಕೊಡುತ್ತದೆ. ಸೂರ್ಯ ಮುಳುಗಿದ ಮೇಲೆ ಗ್ರಿಡ್ ಅಂದರೆ ಬಹುಪಾಲು ಶಕ್ತಿನಗರ, ಕುಡಿತಿನಿ, ಕೂಡಗಿ. ನಸುಕಿನಲ್ಲಿ ಬೆಂಗಳೂರಿನ ನಲ್ಲಿಗೆ ನೀರು ಬಿಡುವ ಹೊತ್ತಿಗೆ ರಾಯಚೂರಿನ ಯಾರ್ಡಿನಲ್ಲಿ ಮುಂದಿನ ರೇಕು ಬಂದು ನಿಂತಿರುತ್ತದೆ.